ಗ್ವಾಂಟನಾಮೊ: ಸೇನಾ ವಿಚಾರಣೆ ಮತ್ತು ವಿಚಾರಣೆಯಿಲ್ಲದ ಸೆರೆವಾಸ – ಪದೇ ಪದೇ ಕೇಳುವ ಪ್ರಶ್ನೆಗಳು

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್, ವಾಷಿಂಗ್ಟನ್ ಮತ್ತು ಪೆನ್ಸಿಲ್ವೇನಿಯಾದಲ್ಲಿ ಸುಮಾರು ಮೂರು ಸಾವಿರ ಜನ ಸತ್ತರು. ಆ ದಾಳಿಯ ಸೂತ್ರಧಾರ ಎನ್ನಲಾದ ಖಾಲಿದ್ ಶೇಖ್ ಮೊಹಮ್ಮದ್ 2003ರ ಮಾರ್ಚ್‌ನಲ್ಲಿ ರಾವಲ್ಪಿಂಡಿಯಲ್ಲಿ ಸಿಕ್ಕಿಬಿದ್ದ. ಅಂದು ಹುಟ್ಟಿದ ಮಗು ಇಂದು ಕಾಲೇಜು ಮುಗಿಸುವ ವಯಸ್ಸಿಗೆ ಬಂದಿದೆ. ಕ್ಯೂಬಾದಲ್ಲಿರುವ ಅಮೆರಿಕದ ನೌಕಾನೆಲೆ ಗ್ವಾಂಟನಾಮೊದಲ್ಲಿ ಸೆರೆಯಲ್ಲಿರುವ ಅವನ ಮೇಲಿನ ಸೇನಾ ಮೊಕದ್ದಮೆಯಲ್ಲಿ ತೀರ್ಪು ಬಂದಿಲ್ಲ. ಈ ವಿಷಯ ಮಾತಿಗೆ ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಸಾವಿರಾರು ಜನರನ್ನು ಕೊಂದವರಿಗೆ ಕೋರ್ಟು, ವಕೀಲರು ಯಾಕೆ ಬೇಕು?

ಎಲ್ಲಕ್ಕಿಂತ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಇದರ ಹಿಂದಿರುವ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಪ್ರಶ್ನೆಯೊಳಗೇ ಒಂದು ತೀರ್ಮಾನ ಕೂತಿದೆ: ಹಿಡಿದು ತಂದವರೆಲ್ಲ ಕೊಂದವರೇ ಎಂದು. ವಾಸ್ತವ ಹಾಗಿರಲಿಲ್ಲ.

ಗ್ವಾಂಟನಾಮೊಗೆ ಒಟ್ಟು ಸುಮಾರು 780 ಜನರನ್ನು ತರಲಾಯಿತು. ಇವರಲ್ಲಿ ಬಹುಪಾಲು ಜನರನ್ನು ಅಮೆರಿಕದ ಸೈನಿಕರು ರಣರಂಗದಲ್ಲಿ ಹಿಡಿದಿರಲಿಲ್ಲ. ಪಾಕಿಸ್ತಾನ ಅಥವಾ ತಾಲಿಬಾನ್ ವಿರುದ್ಧ ಹೋರಾಡುತ್ತಿದ್ದ ಅಫ್ಘಾನಿಸ್ತಾನದ ಉತ್ತರ ಮೈತ್ರಿಕೂಟದವರು ಹಿಡಿದುಕೊಟ್ಟಿದ್ದರು. ಹಿಡಿದುಕೊಟ್ಟವರಿಗೆ ಕೈತುಂಬ ಹಣ ಎಂದು ಸಾರುವ ಕರಪತ್ರಗಳನ್ನು ಅಮೆರಿಕವೇ ಆಕಾಶದಿಂದ ಉದುರಿಸಿತ್ತು. ಬಡ ದೇಶದಲ್ಲಿ ತಲೆಗೆ ಬೆಲೆ ಕಟ್ಟಿದರೆ ಯಾರ್‍ಯಾರ ತಲೆ ಬರುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಚೀನಾದಿಂದ ಓಡಿಬಂದಿದ್ದ 22 ಮಂದಿ ಉಯ್ಘರ್ ಮುಸ್ಲಿಮರು ಹೀಗೆ ಸಿಕ್ಕಿದವರು. ಅಮೆರಿಕದೊಡನೆ ಇವರಿಗೆ ಯಾವ ಜಗಳವೂ ಇರಲಿಲ್ಲ. ಅದು ಗೊತ್ತಾದ ಮೇಲೂ ಚೀನಾಕ್ಕೆ ಕಳಿಸುವಂತಿಲ್ಲ, ಅಮೆರಿಕ ಒಳಗೆ ಬಿಟ್ಟುಕೊಳ್ಳಲಿಲ್ಲ. ಅಲ್ಬೇನಿಯಾ, ಬರ್ಮುಡಾ, ಪಲಾವು ಎಂದು ಒಂದೊಂದು ದೇಶಕ್ಕೆ ಹಂಚಿ, ಕೊನೆಯ ಮೂವರು ಸ್ಲೊವಾಕಿಯಾಕ್ಕೆ ಹೊರಟಾಗ 2013ರ ಡಿಸೆಂಬರ್.

ಯಾರು ಕೊಂದವರು, ಯಾರು ಅಲ್ಲ ಎಂದು ಬೇರ್ಪಡಿಸಲು ಒಂದು ಜರಡಿ ಬೇಕು. ಕೋರ್ಟು ಆ ಜರಡಿ.

ಅಷ್ಟು ದೂರದ ಕ್ಯೂಬಾ ಯಾಕೆ? ಅಮೆರಿಕದ ಜೈಲುಗಳಿರಲಿಲ್ಲವೆ?

ಇದ್ದವು. ಅಲ್ಲಿಟ್ಟರೆ ಅಮೆರಿಕದ ನ್ಯಾಯಾಧೀಶರ ಕೈ ತಲುಪುತ್ತಿತ್ತು, ಅದೇ ತೊಡಕು.

ಗ್ವಾಂಟನಾಮೊ ಕೊಲ್ಲಿಯ ನೌಕಾನೆಲೆಯನ್ನು ಅಮೆರಿಕ 1903ರಲ್ಲಿ ಕ್ಯೂಬಾದಿಂದ ಗುತ್ತಿಗೆಗೆ ಪಡೆಯಿತು. 1934ರ ಒಪ್ಪಂದದ ಪ್ರಕಾರ ಎರಡೂ ಕಡೆಯವರು ಒಪ್ಪದ ಹೊರತು ಗುತ್ತಿಗೆ ಮುಗಿಯುವುದಿಲ್ಲ. ವರ್ಷದ ಬಾಡಿಗೆ 4,085 ಡಾಲರ್. ಕ್ಯೂಬಾದ ಕಮ್ಯುನಿಸ್ಟ್ ಸರ್ಕಾರ ಈ ಗುತ್ತಿಗೆಯನ್ನೇ ಒಪ್ಪದ ಕಾರಣ ಆ ಚೆಕ್ಕುಗಳನ್ನು ನಗದು ಮಾಡಿಕೊಳ್ಳುವುದಿಲ್ಲ. ಆಡಳಿತ ಪೂರ್ತಿ ಅಮೆರಿಕದ್ದು, ಸಾರ್ವಭೌಮತ್ವ ಮಾತ್ರ ಕಾಗದದ ಮೇಲೆ ಕ್ಯೂಬಾದ್ದು. ಬುಷ್ ಸರ್ಕಾರದ ವಕೀಲರು ಹಿಡಿದದ್ದು ಈ ಎಳೆಯನ್ನು. ವಿದೇಶಿ ನೆಲದಲ್ಲಿ ಸೆರೆಯಾದ ವಿದೇಶಿ ಶತ್ರುಗಳು ಅಮೆರಿಕದ ಕೋರ್ಟಿನ ಬಾಗಿಲು ಬಡಿಯುವಂತಿಲ್ಲ ಎಂದು 1950ರಲ್ಲಿ ಸುಪ್ರೀಂ ಕೋರ್ಟ್, ಜರ್ಮನ್ ಕೈದಿಗಳ ಪ್ರಕರಣವೊಂದರಲ್ಲಿ ಹೇಳಿತ್ತು. ಗ್ವಾಂಟನಾಮೊ ಕೂಡ ವಿದೇಶಿ ನೆಲವೇ ಎಂದು ಇವರು ವಾದಿಸಿದರು. 2002ರ ಜನವರಿ 11ರಂದು ಮೊದಲ 20 ಕೈದಿಗಳು ಕಿತ್ತಳೆ ಬಣ್ಣದ ಉಡುಪಿನಲ್ಲಿ ಅಲ್ಲಿ ಇಳಿದರು.

ಮಿಲಿಟರಿ ಕಮಿಷನ್ ಎಂದರೆ ಕೋರ್ಟ್ ಮಾರ್ಷಲ್ಲೇ ಅಲ್ಲವೆ?

ಅಲ್ಲ. ಕೋರ್ಟ್ ಮಾರ್ಷಲ್ ತನ್ನದೇ ಸೈನಿಕರಿಗೆ ನಡೆಯುವ ವಿಚಾರಣೆ; ಅದಕ್ಕೆ ಸಿದ್ಧ ಕಾನೂನು, ಮೇಲ್ಮನವಿಯ ಮೆಟ್ಟಿಲುಗಳು ಎಲ್ಲ ಇವೆ. ಮಿಲಿಟರಿ ಕಮಿಷನ್ ಯುದ್ಧಾಪರಾಧದ ಆರೋಪ ಹೊತ್ತ ಶತ್ರುಗಳಿಗಾಗಿ ಕಟ್ಟುವ ತಾತ್ಕಾಲಿಕ ನ್ಯಾಯಮಂಡಳಿ. ಇದರಲ್ಲಿ ನ್ಯಾಯಾಧೀಶರು ಸೇನಾಧಿಕಾರಿ, ತೀರ್ಪು ಕೊಡುವ ಪಂಚರೂ ಸೇನಾಧಿಕಾರಿಗಳು. 2001ರ ನವೆಂಬರ್ 13ರಂದು ಅಧ್ಯಕ್ಷ ಜಾರ್ಜ್ ಬುಷ್ ಹೊರಡಿಸಿದ ಆದೇಶದಲ್ಲಿ ಇದರ ನಿಯಮಗಳನ್ನೂ ಸೇನಾ ಇಲಾಖೆಯೇ ಬರೆದುಕೊಳ್ಳಬಹುದಿತ್ತು. ಆರೋಪಿಗೆ ತನ್ನ ವಿರುದ್ಧದ ಕೆಲವು ಸಾಕ್ಷ್ಯಗಳನ್ನು ತೋರಿಸದೆಯೇ ಶಿಕ್ಷೆ ಕೊಡಲು ಆಗ ಅವಕಾಶವಿತ್ತು.

ಇದಕ್ಕೆ ಹಿಂದೆ ಮೇಲ್ಪಂಕ್ತಿ ಇತ್ತೆ?

ಎರಡು ಇದ್ದವು, ಒಂದಕ್ಕೊಂದು ಎದುರುಬದುರಾಗಿ.

ಮೊದಲನೆಯದು 1866ರದು. ಅಂತರ್ಯುದ್ಧದ ಕಾಲದಲ್ಲಿ ಇಂಡಿಯಾನಾ ರಾಜ್ಯದ ಲ್ಯಾಂಬ್ಡಿನ್ ಮಿಲಿಗನ್ ಎಂಬಾತನಿಗೆ ಮಿಲಿಟರಿ ಕಮಿಷನ್ ಮರಣದಂಡನೆ ವಿಧಿಸಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಸಾಮಾನ್ಯ ಕೋರ್ಟುಗಳು ಬಾಗಿಲು ತೆರೆದು ಕೆಲಸ ಮಾಡುತ್ತಿರುವ ಕಡೆ ನಾಗರಿಕನೊಬ್ಬನನ್ನು ಸೇನೆ ವಿಚಾರಣೆಗೆ ಎಳೆಯುವಂತಿಲ್ಲ ಎಂದಿತು.

ಎರಡನೆಯದು 1942ರದು. ಜೂನ್ ತಿಂಗಳಲ್ಲಿ ಎಂಟು ಜರ್ಮನ್ ವಿಧ್ವಂಸಕರು ಜಲಾಂತರ್ಗಾಮಿಗಳಲ್ಲಿ ಬಂದು ಲಾಂಗ್ ಐಲ್ಯಾಂಡ್ ಮತ್ತು ಫ್ಲಾರಿಡಾದ ದಡಗಳಲ್ಲಿ ಇಳಿದರು. ಅವರಲ್ಲೇ ಒಬ್ಬ ತಾನಾಗಿ ಹೋಗಿ ಎಫ್‌ಬಿಐಗೆ ವಿಷಯ ತಿಳಿಸಿದ್ದರಿಂದ ಎಲ್ಲರೂ ಸಿಕ್ಕಿಬಿದ್ದರು. ಅಧ್ಯಕ್ಷ ರೂಸ್‌ವೆಲ್ಟ್ ಮಿಲಿಟರಿ ಕಮಿಷನ್ ನೇಮಿಸಿದರು. ಸುಪ್ರೀಂ ಕೋರ್ಟ್ ಜುಲೈ 31ರಂದು ಅದಕ್ಕೆ ಒಪ್ಪಿಗೆ ಕೊಟ್ಟಿತು, ಆಗಸ್ಟ್ 8ರಂದು ಆರು ಜನರಿಗೆ ಮರಣದಂಡನೆ ಜಾರಿಯಾಯಿತು. ಕೋರ್ಟು ತನ್ನ ಒಪ್ಪಿಗೆಗೆ ಕಾರಣಗಳನ್ನು ವಿವರಿಸುವ ಪೂರ್ಣ ತೀರ್ಪು ಪ್ರಕಟಿಸಿದ್ದು ಅಕ್ಟೋಬರ್ ಕೊನೆಯಲ್ಲಿ. ಸತ್ತವರ ವಿಷಯದಲ್ಲಿ ಕಾರಣಗಳನ್ನು ಆಮೇಲೆ ಹುಡುಕಿದ ಈ ತೀರ್ಪನ್ನು ಬುಷ್ ಸರ್ಕಾರ ತನ್ನ ಅಡಿಗಲ್ಲು ಮಾಡಿಕೊಂಡಿತು. ನನ್ನ ಮಟ್ಟಿಗೆ ಅದು ಮಾದರಿಯಲ್ಲ, ಎಚ್ಚರಿಕೆ.

ಅವರನ್ನು ಯುದ್ಧಕೈದಿಗಳು ಎಂದು ಯಾಕೆ ಕರೆಯಲಿಲ್ಲ?

ಯುದ್ಧಕೈದಿಗೆ ಜಿನೀವಾ ಒಪ್ಪಂದದ ರಕ್ಷಣೆ ಸಿಗುತ್ತದೆ, ಯುದ್ಧ ಮುಗಿದ ಮೇಲೆ ಮನೆಗೆ ಕಳಿಸಬೇಕಾಗುತ್ತದೆ. ಅಪರಾಧಿ ಎಂದರೆ ಆರೋಪ ಹೊರಿಸಿ ಕೋರ್ಟಿಗೆ ಒಪ್ಪಿಸಬೇಕು. ಇವೆರಡರ ನಡುವೆ ‘ಕಾನೂನುಬಾಹಿರ ಶತ್ರು ಹೋರಾಟಗಾರ’ ಎಂಬ ಮೂರನೆಯ ಹೆಸರನ್ನು ಮುಂದಿಟ್ಟರು. ಯುದ್ಧದ ಹೆಸರಿನಲ್ಲಿ ಹಿಡಿದಿಡಬಹುದು, ಯುದ್ಧಕೈದಿಯ ಹಕ್ಕು ಕೊಡಬೇಕಿಲ್ಲ; ಅಪರಾಧಿ ಎನ್ನಬಹುದು, ಆರೋಪಪಟ್ಟಿ ಸಲ್ಲಿಸಬೇಕಿಲ್ಲ. ಇನ್ನು ಈ ಯುದ್ಧಕ್ಕೆ ಶರಣಾಗುವ ಸರ್ಕಾರವೂ ಇಲ್ಲ, ಸಹಿ ಹಾಕುವ ಶಾಂತಿ ಒಪ್ಪಂದವೂ ಇಲ್ಲ. ಯುದ್ಧ ಮುಗಿಯುವವರೆಗೆ ಬಂಧನ ಎಂಬ ಮಾತಿಗೆ ಆಜೀವ ಬಂಧನ ಎಂಬ ಅರ್ಥ ಬಂದದ್ದು ಹೀಗೆ.

ಸುಪ್ರೀಂ ಕೋರ್ಟ್ ಸುಮ್ಮನಿತ್ತೆ?

ಎರಡೂವರೆ ವರ್ಷ ಸುಮ್ಮನಿತ್ತು. ಆಮೇಲೆ ನಾಲ್ಕು ವರ್ಷಗಳಲ್ಲಿ ನಾಲ್ಕು ಪೆಟ್ಟು ಕೊಟ್ಟಿತು.

2004ರ ಜೂನ್ 28ರಂದು ಒಂದೇ ದಿನ ಎರಡು ಮುಖ್ಯ ತೀರ್ಪು. ರಸೂಲ್ ಪ್ರಕರಣದಲ್ಲಿ ಗ್ವಾಂಟನಾಮೊ ಕೈದಿಗಳ ಅರ್ಜಿಯನ್ನು ಅಮೆರಿಕದ ಕೋರ್ಟುಗಳು ಕೇಳಬಹುದು ಎಂದಿತು. ಹಮ್ದಿ ಪ್ರಕರಣ ಇನ್ನೂ ಸೂಕ್ಷ್ಮ. ಯಾಸರ್ ಹಮ್ದಿ ಲೂಸಿಯಾನಾದಲ್ಲಿ ಹುಟ್ಟಿದ ಅಮೆರಿಕದ ಪ್ರಜೆ, ಅಫ್ಘಾನಿಸ್ತಾನದಲ್ಲಿ ಸಿಕ್ಕವನು. ರಣರಂಗದಲ್ಲಿ ಸಿಕ್ಕ ಪ್ರಜೆಯನ್ನೂ ಸೇನೆ ಹಿಡಿದಿಡಬಹುದು, ಆದರೆ ಯಾವ ಆಧಾರದ ಮೇಲೆ ಎಂಬುದನ್ನು ನಿಷ್ಪಕ್ಷಪಾತಿ ನಿರ್ಣಾಯಕರ ಮುಂದೆ ಪ್ರಶ್ನಿಸಲು ಅವನಿಗೆ ಅವಕಾಶ ಕೊಡಲೇಬೇಕು ಎಂದು ಕೋರ್ಟು ಹೇಳಿತು. ಯುದ್ಧವೆಂದ ಮಾತ್ರಕ್ಕೆ ಅಧ್ಯಕ್ಷರ ಕೈಗೆ ಖಾಲಿ ಚೆಕ್ ಸಿಗುವುದಿಲ್ಲ ಎಂಬ ನ್ಯಾಯಮೂರ್ತಿ ಸ್ಯಾಂಡ್ರಾ ಡೇ ಒಕಾನರ್ ಅವರ ಮಾತು ಈ ತೀರ್ಪಿನದು. ಮುಂದೆ ನಡೆದದ್ದನ್ನೂ ಗಮನಿಸಿ: ಬಿಡಲಾಗದಷ್ಟು ಅಪಾಯಕಾರಿ ಎಂದಿದ್ದ ಸರ್ಕಾರ, ವಾದ ಮಂಡಿಸಬೇಕಾಗಿ ಬಂದಾಗ, ಪೌರತ್ವ ಬಿಟ್ಟುಕೊಡುವ ಷರತ್ತಿನ ಮೇಲೆ ಅದೇ ವರ್ಷ ಅವನನ್ನು ಸೌದಿ ಅರೇಬಿಯಾಕ್ಕೆ ಕಳಿಸಿತು.

2006ರ ಜೂನ್‌ನಲ್ಲಿ ಹಮ್ದಾನ್ ಪ್ರಕರಣ. ಒಸಾಮ ಬಿನ್ ಲಾದೆನ್‌ನ ಕಾರು ಓಡಿಸುತ್ತಿದ್ದ ಯೆಮನ್‌ನ ಸಲೀಂ ಹಮ್ದಾನ್ ಮಿಲಿಟರಿ ಕಮಿಷನ್ನನ್ನೇ ಪ್ರಶ್ನಿಸಿದ್ದ. 5-3 ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್: ಬುಷ್ ಕಟ್ಟಿದ ಕಮಿಷನ್ನುಗಳು ಅಮೆರಿಕದ ಸೇನಾ ಕಾನೂನನ್ನೂ ಜಿನೀವಾ ಒಪ್ಪಂದವನ್ನೂ ಮೀರಿವೆ, ಆದ್ದರಿಂದ ನಡೆಯುವಂತಿಲ್ಲ. ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕೂಡಲೇ ಹೊಸ ಕಾಯ್ದೆ ಮಾಡಿ ಕಮಿಷನ್ನುಗಳಿಗೆ ಮರುಜೀವ ಕೊಟ್ಟಿತು. ಜೊತೆಗೆ ತಮ್ಮ ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಕೈದಿಗಳ ಹೇಬಿಯಸ್ ಕಾರ್ಪಸ್ ಹಕ್ಕನ್ನು ಕಿತ್ತುಕೊಂಡಿತು.

2008ರ ಜೂನ್ 12ರಂದು ಬೂಮೆದಿಯೆನ್ ಪ್ರಕರಣದಲ್ಲಿ ಆ ಭಾಗವೂ ಬಿದ್ದುಹೋಯಿತು. ಸಂವಿಧಾನವನ್ನು ಬೇಕಾದಾಗ ಹಚ್ಚಿ ಬೇಡವಾದಾಗ ಆರಿಸುವ ಅಧಿಕಾರ ಸರ್ಕಾರಕ್ಕಿಲ್ಲ ಎಂಬುದು 5-4 ಬಹುಮತದ ಪರವಾಗಿ ನ್ಯಾಯಮೂರ್ತಿ ಆಂಥೊನಿ ಕೆನಡಿ ಬರೆದ ತೀರ್ಪಿನ ತಿರುಳು. ಬೋಸ್ನಿಯಾದಲ್ಲಿ ಸಿಕ್ಕಿದ್ದ ಲಖ್ದರ್ ಬೂಮೆದಿಯೆನ್ ವಿರುದ್ಧದ ಸಾಕ್ಷ್ಯವನ್ನು ಅದೇ ನವೆಂಬರ್‌ನಲ್ಲಿ ಕೆಳಕೋರ್ಟು ನೋಡಿತು. ಸಾಲದು ಎಂದು ಬಿಡುಗಡೆಗೆ ಆದೇಶಿಸಿತು. ಏಳು ವರ್ಷಗಳ ಸೆರೆಯನ್ನು ಅಳೆದು ನೋಡಲು ನ್ಯಾಯಾಧೀಶರಿಗೆ ಹಿಡಿದದ್ದು ಕೆಲವೇ ತಿಂಗಳು.

ಹೇಬಿಯಸ್ ಕಾರ್ಪಸ್ ಎಂದರೇನು? ನಮಗೂ ಅದಕ್ಕೂ ಏನು ಸಂಬಂಧ?

ಬಂಧಿಯನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ, ಯಾವ ಕಾನೂನಿನಡಿ ಹಿಡಿದಿದ್ದೀರಿ ಹೇಳಿ ಎಂದು ಸರ್ಕಾರವನ್ನು ಕೇಳುವ ರಿಟ್. ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿನಲ್ಲಿದ್ದರು, ಇಲ್ಲಿಯೇ ಬಂಧಿತರಾದರು. ಅವರ ಹೇಬಿಯಸ್ ಕಾರ್ಪಸ್ ಅರ್ಜಿಗಳು ಹೋದದ್ದು ನಮ್ಮ ಹೈಕೋರ್ಟಿಗೆ. ಇಂಥ ಅರ್ಜಿಗಳನ್ನು ಕೇಳಬಹುದು ಎಂದ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಎಡಿಎಂ ಜಬಲ್ಪುರ ಪ್ರಕರಣದಲ್ಲಿ 4-1ರಿಂದ ಆ ಎಲ್ಲ ತೀರ್ಪುಗಳನ್ನು ತಳ್ಳಿಹಾಕಿತು. ಒಪ್ಪದ ಒಬ್ಬರು ಎಚ್.ಆರ್. ಖನ್ನಾ, ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರ ಕೈತಪ್ಪಿತು. ಆ ತೀರ್ಪನ್ನು ಕೊನೆಗೆ ಅಳಿಸಿದ್ದು 2017ರ ಖಾಸಗಿತನದ ತೀರ್ಪು. ಆ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಬೂಮೆದಿಯೆನ್ ತೀರ್ಪನ್ನು ಓದುವಾಗ ನನಗೆ ಖನ್ನಾ ನೆನಪಾಗುತ್ತಾರೆ.

ಚಿತ್ರಹಿಂಸೆಯಿಂದಾದರೂ ಸತ್ಯ ಹೊರಬಂತಲ್ಲ, ಅದರಿಂದ ಮೊಕದ್ದಮೆಗೆ ಏನು ತೊಂದರೆ?

ಇಡೀ ಕಥೆಯ ಗಂಟು ಇಲ್ಲಿದೆ.

ಖಾಲಿದ್ ಶೇಖ್ ಮೊಹಮ್ಮದ್‌ನನ್ನು ಹಿಡಿದ ಮೇಲೆ ಮೂರೂವರೆ ವರ್ಷ ಸಿಐಎ ತನ್ನ ಗುಪ್ತ ಸೆರೆಮನೆಗಳಲ್ಲಿ ಇಟ್ಟುಕೊಂಡಿತ್ತು. ಮುಖಕ್ಕೆ ಬಟ್ಟೆ ಮುಚ್ಚಿ, ಉಸಿರುಕಟ್ಟುವಂತೆ ನೀರು ಸುರಿಯುವ ವಾಟರ್‌ಬೋರ್ಡಿಂಗ್ ಎಂಬ ಹಿಂಸೆಯನ್ನು ಅವನ ಮೇಲೆ 183 ಬಾರಿ ನಡೆಸಲಾಯಿತು. ಇದು ಅಮೆರಿಕ ಸರ್ಕಾರದ ದಾಖಲೆಗಳಲ್ಲೇ ಇರುವ ಸಂಖ್ಯೆ. ಇಂಥ ವಿಚಾರಣೆಯಿಂದ ಉಪಯುಕ್ತ ಮಾಹಿತಿ ಸಿಕ್ಕಿತೆಂಬ ಸಿಐಎ ವಾದ ನಿಲ್ಲುವುದಿಲ್ಲ ಎಂದು 2014ರ ಡಿಸೆಂಬರ್‌ನಲ್ಲಿ ಸೆನೆಟ್ ಸಮಿತಿಯ ವರದಿ ಹೇಳಿತು.

ಹೊಡೆದು ಬಡಿದು ಹೇಳಿಸಿದ ಮಾತನ್ನು ಕೋರ್ಟು ಮುಟ್ಟುವುದಿಲ್ಲ. ಇದು ಸರ್ಕಾರಿ ವಕೀಲರಿಗೂ ಗೊತ್ತಿತ್ತು. ಅದಕ್ಕೆ 2007ರಲ್ಲಿ ಎಫ್‌ಬಿಐ ಅಧಿಕಾರಿಗಳನ್ನು ಗ್ವಾಂಟನಾಮೊಗೆ ಕಳಿಸಿ, ಮೃದುವಾಗಿ ಮಾತನಾಡಿಸಿ, ಹೊಸದಾಗಿ ಹೇಳಿಕೆ ಬರೆಸಿಕೊಂಡರು. ವರ್ಷಗಟ್ಟಲೆ ಹಿಂಸೆ ಅನುಭವಿಸಿದವನು, ಅದೇ ದೇಶದ ಮತ್ತೊಬ್ಬ ಅಧಿಕಾರಿ ಬಂದು ಕೂತಾಗ ಸ್ವಇಚ್ಛೆಯಿಂದ ಮಾತಾಡುತ್ತಾನೆಯೆ? ಆರೋಪಿಗಳ ವಕೀಲರು ಎತ್ತಿದ ಈ ಪ್ರಶ್ನೆಯ ಸುತ್ತ ಮೊಕದ್ದಮೆ ವರ್ಷಾನುಗಟ್ಟಲೆ ತಿರುಗಿತು. 2000ದ ಅಕ್ಟೋಬರ್‌ನಲ್ಲಿ ಏಡನ್ ಬಂದರಿನಲ್ಲಿ 17 ನಾವಿಕರನ್ನು ಬಲಿತೆಗೆದುಕೊಂಡ ಯುಎಸ್‌ಎಸ್ ಕೋಲ್ ಹಡಗಿನ ಪ್ರಕರಣದಲ್ಲಿ ಆರೋಪಿ ಅಲ್ ನಶಿರಿಯ ಇಂಥ ಹೇಳಿಕೆಯನ್ನು ಸೇನಾ ನ್ಯಾಯಾಧೀಶರು 2023ರಲ್ಲಿ ತಳ್ಳಿಹಾಕಿದರು. 9/11 ಆರೋಪಿಗಳಲ್ಲೊಬ್ಬನಾದ ಅಮ್ಮಾರ್ ಅಲ್ ಬಲೂಚಿಯ ಹೇಳಿಕೆಯನ್ನು 2025ರ ಏಪ್ರಿಲ್‌ನಲ್ಲಿ ಮತ್ತೊಬ್ಬ ಸೇನಾ ನ್ಯಾಯಾಧೀಶರು ತಳ್ಳಿಹಾಕಿದರು. ಇನ್ನೊಬ್ಬ ಆರೋಪಿ ರಮ್ಜಿ ಬಿನ್ ಅಲ್ ಶಿಬ್ ವಿಚಾರಣೆ ಎದುರಿಸುವ ಮಾನಸಿಕ ಸ್ಥಿತಿಯಲ್ಲೇ ಇಲ್ಲ ಎಂದು 2023ರಲ್ಲಿ ತೀರ್ಮಾನವಾಯಿತು.

ಹೀಗೆ ತೀರ್ಮಾನಿಸಿದ ನ್ಯಾಯಾಧೀಶರೆಲ್ಲ ಸಮವಸ್ತ್ರ ತೊಟ್ಟ ಅಧಿಕಾರಿಗಳು ಎಂಬುದನ್ನು ಮರೆಯಬಾರದು. ಅಲ್ ಖೈದಾಕ್ಕೆ ಹಣ ಸಾಗಿಸಿದ್ದನ್ನು ಒಪ್ಪಿಕೊಂಡ ಮಜೀದ್ ಖಾನ್ 2021ರಲ್ಲಿ ತಾನು ಅನುಭವಿಸಿದ್ದನ್ನು ಪಂಚರ ಮುಂದೆ ವಿವರಿಸಿದ. ಎಂಟು ಮಂದಿ ಸೇನಾಧಿಕಾರಿ ಪಂಚರಲ್ಲಿ ಏಳು ಜನ ಅವನಿಗೆ ದಯೆ ತೋರಿ ಎಂದು ಕೈಬರಹದಲ್ಲಿ ಪತ್ರ ಬರೆದರು. ಅವನಿಗೆ ಮಾಡಿದ್ದು ಅಮೆರಿಕದ ನೈತಿಕತೆಗೆ ಅಂಟಿದ ಕಲೆ ಎಂದರು. ಸೇನಾಧಿಕಾರಿಗಳ ಮೇಲೆ ನನಗೆ ದೂರಿಲ್ಲ. ದೂರು ಇರುವುದು ಅವರಿಗೆ ಇಂಥ ಕೆಲಸ ಒಪ್ಪಿಸಿದ ಏರ್ಪಾಟಿನ ಮೇಲೆ.

ಸಾಮಾನ್ಯ ಕೋರ್ಟಿಗೆ ಒಯ್ದರೆ ಭಯೋತ್ಪಾದಕರು ತಪ್ಪಿಸಿಕೊಳ್ಳುವುದಿಲ್ಲವೆ?

ಈ ವಾದ ಪೂರ್ತಿ ಹುರುಳಿಲ್ಲದ್ದಲ್ಲ. ಯುದ್ಧಭೂಮಿಯಲ್ಲಿ ಮಹಜರು ಬರೆಯುವವರು ಇರುವುದಿಲ್ಲ. ಗುಪ್ತಚರರ ಹೆಸರು ಬಯಲಾದರೆ ಜೀವ ಹೋಗುತ್ತದೆ. ಪಂಚರಾಗಿ ಕೂರುವ ನಾಗರಿಕರಿಗೆ ಭಯ ಇರುತ್ತದೆ. ಇವು ನಿಜವಾದ ಕಷ್ಟಗಳು. ಆದರೆ ಫಲ ನೋಡಿ.

9/11 ಸಂಚಿನಲ್ಲಿ ತಪ್ಪೊಪ್ಪಿಕೊಂಡ ಜಕಾರಿಯಾಸ್ ಮೂಸಾವಿಗೆ ವರ್ಜೀನಿಯಾದ ಸಾಮಾನ್ಯ ಫೆಡರಲ್ ಕೋರ್ಟು 2006ರಲ್ಲೇ ಆಜೀವ ಸೆರೆವಾಸ ವಿಧಿಸಿತು. ಗ್ವಾಂಟನಾಮೊದಿಂದ ನ್ಯೂಯಾರ್ಕ್‌ಗೆ ತಂದ ಅಹ್ಮದ್ ಗೈಲಾನಿಯ ಪ್ರಕರಣವನ್ನು ವಿರೋಧಿಗಳು ಯಾವಾಗಲೂ ಎತ್ತುತ್ತಾರೆ: 1998ರ ಆಫ್ರಿಕಾ ರಾಯಭಾರ ಕಚೇರಿ ಸ್ಫೋಟಗಳ 285 ಆರೋಪಗಳಲ್ಲಿ 284ರಿಂದ ಅವನು ಖುಲಾಸೆಯಾದ. ಉಳಿದ ಒಂದಕ್ಕೇ ಆಜೀವ ಸೆರೆವಾಸ ಬಿತ್ತು ಎಂಬುದನ್ನು ಸೇರಿಸಿ ಹೇಳಬೇಕು. 2001ರ ನಂತರ ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ ಭಯೋತ್ಪಾದನೆಯ ಪ್ರಕರಣಗಳಲ್ಲಿ ನೂರಾರು ಜನರಿಗೆ ಶಿಕ್ಷೆಯಾಗಿದೆ. ಮುಂಬೈ ದಾಳಿಗೆ ಜಾಗ ಗುರುತಿಸಿಕೊಟ್ಟ ಡೇವಿಡ್ ಹೆಡ್ಲಿಗೆ 2013ರಲ್ಲಿ 35 ವರ್ಷ ವಿಧಿಸಿದ್ದೂ ಷಿಕಾಗೋದ ಸಾಮಾನ್ಯ ಕೋರ್ಟೇ. ಮಿಲಿಟರಿ ಕಮಿಷನ್ನುಗಳಲ್ಲಿ ಆದದ್ದು ಬೆರಳೆಣಿಕೆಯಷ್ಟು ಶಿಕ್ಷೆಗಳು, ಅವುಗಳಲ್ಲೂ ಹಲವು ಮೇಲ್ಮನವಿಯಲ್ಲಿ ಬಿದ್ದವು. ಚಾಲಕ ಹಮ್ದಾನ್‌ನ ಶಿಕ್ಷೆ 2012ರಲ್ಲಿ ರದ್ದಾಯಿತು, ಅಷ್ಟರಲ್ಲಿ ಅವನು ಊರಿಗೆ ಹೋಗಿ ವರ್ಷಗಳೇ ಆಗಿದ್ದವು.

ಕಸಬ್ ವಿಚಾರಣೆಗೆ ಇದನ್ನು ಹೋಲಿಸಬಹುದೆ?

ಹೋಲಿಸಲೇಬೇಕು. 2008ರ ನವೆಂಬರ್ 26ರ ಮುಂಬೈ ದಾಳಿಯಲ್ಲಿ 166 ಜನ ಸತ್ತರು. ಕಸಬ್‌ಗೆ ವಕೀಲರನ್ನು ಕೊಡಬಾರದೆಂದು ಕೂಗೆದ್ದಿತ್ತು. ಆದರೂ ಕೋರ್ಟು ವಕೀಲರನ್ನು ನೇಮಿಸಿತು. ಆರ್ಥರ್ ರೋಡ್ ಜೈಲಿನೊಳಗೇ ವಿಶೇಷ ನ್ಯಾಯಾಲಯ ಕೂತಿತು, ನ್ಯಾಯಾಧೀಶರು ಎಂ.ಎಲ್. ತಹಲಿಯಾನಿ. ಕಸಬ್ ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ತಪ್ಪೊಪ್ಪಿಗೆಯಿಂದ ಹಿಂದೆ ಸರಿದರೂ ಮೊಕದ್ದಮೆ ಕುಸಿಯಲಿಲ್ಲ. ಪ್ರತ್ಯಕ್ಷದರ್ಶಿಗಳಿದ್ದರು, ರೈಲು ನಿಲ್ದಾಣದಲ್ಲಿ ಪತ್ರಿಕಾ ಛಾಯಾಗ್ರಾಹಕರು ತೆಗೆದ ಚಿತ್ರಗಳಿದ್ದವು. 2010ರ ಮೇನಲ್ಲಿ ಮರಣದಂಡನೆ, 2011ರಲ್ಲಿ ಬಾಂಬೆ ಹೈಕೋರ್ಟ್, 2012ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ನವೆಂಬರ್ 21ರಂದು ಯರವಡಾದಲ್ಲಿ ಗಲ್ಲು. ನಾಲ್ಕು ವರ್ಷ ತುಂಬುವ ಮೊದಲೇ ಎಲ್ಲ ಹಂತ ಮುಗಿಯಿತು.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಬೇರೊಂದು. ಅದೇ ಕೋರ್ಟು, ಕಸಬ್‌ನನ್ನು ಅಪರಾಧಿ ಎಂದು ತೀರ್ಮಾನಿಸಿದ ದಿನವೇ, ದಾಳಿಗೆ ನಕ್ಷೆ ಒದಗಿಸಿದ ಆರೋಪ ಹೊತ್ತಿದ್ದ ಇಬ್ಬರು ಭಾರತೀಯರನ್ನು ಸಾಕ್ಷ್ಯ ಸಾಲದೆಂದು ಖುಲಾಸೆ ಮಾಡಿತು. ದೇಶವೆಲ್ಲ ಕುದಿಯುತ್ತಿದ್ದಾಗ ಅಷ್ಟು ಹೇಳಲು ಧೈರ್ಯ ಬೇಕಿತ್ತು.

ಹಾಗಾದರೆ ಭಾರತದಲ್ಲಿ ವಿಚಾರಣೆಯಿಲ್ಲದ ಬಂಧನ ಇಲ್ಲವೆ?

ಇದೆ, ಸಂವಿಧಾನದಲ್ಲೇ ಇದೆ. 22ನೇ ವಿಧಿ ಮುನ್ನೆಚ್ಚರಿಕೆ ಬಂಧನಕ್ಕೆ ಅವಕಾಶ ಕೊಡುತ್ತದೆ. ಮೂರು ತಿಂಗಳು ದಾಟಬೇಕಾದರೆ ಸಲಹಾ ಮಂಡಳಿಯ ಒಪ್ಪಿಗೆ ಬೇಕು. 1980ರ ರಾಷ್ಟ್ರೀಯ ಭದ್ರತಾ ಕಾಯ್ದೆಯಲ್ಲಿ ಗರಿಷ್ಠ 12 ತಿಂಗಳು ಇಡಬಹುದು. ಯುಎಪಿಎ ಅಡಿ ಆರೋಪಪಟ್ಟಿ ಸಲ್ಲಿಸಲು 180 ದಿನಗಳವರೆಗೆ ಕಾಲಾವಕಾಶ ಸಿಗುತ್ತದೆ, ಜಾಮೀನು ಸಿಗುವುದು ಬಲು ಕಷ್ಟ. ವಿಚಾರಣಾಧೀನ ಕೈದಿಯಾಗಿಯೇ ವರ್ಷಗಳನ್ನು ಕಳೆದವರು ನಮ್ಮಲ್ಲೂ ಇದ್ದಾರೆ. ಗ್ವಾಂಟನಾಮೊ ಕಡೆ ಬೆರಳು ತೋರಿಸುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲ.

ಪಾಕಿಸ್ತಾನದ ಸೇನಾ ಕೋರ್ಟುಗಳು?

2014ರ ಡಿಸೆಂಬರ್‌ನ ಪೆಶಾವರ ಶಾಲೆಯ ಹತ್ಯಾಕಾಂಡದ ನಂತರ, 2015ರ ಜನವರಿಯಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು ನಾಗರಿಕರನ್ನು ಸೇನಾ ಕೋರ್ಟಿನಲ್ಲಿ ವಿಚಾರಿಸಲು ಅವಕಾಶ ಮಾಡಿಕೊಂಡರು. ಮುಚ್ಚಿದ ಬಾಗಿಲ ಹಿಂದೆ ಮರಣದಂಡನೆಗಳು ಬಂದವು. ಹತ್ತಾರು ಶಿಕ್ಷೆಗಳನ್ನು ಪೆಶಾವರ ಹೈಕೋರ್ಟ್ 2018ರಲ್ಲಿ ರದ್ದು ಮಾಡಿತು. ನಮ್ಮ ಕುಲಭೂಷಣ್ ಜಾಧವ್‌ಗೆ 2017ರಲ್ಲಿ ಮರಣದಂಡನೆ ವಿಧಿಸಿದ್ದೂ ಅಲ್ಲಿನ ಸೇನಾ ಕೋರ್ಟು. ಭಾರತದ ರಾಯಭಾರ ಅಧಿಕಾರಿಗಳ ಭೇಟಿಗೆ ಬಿಡದಿದ್ದುದು ತಪ್ಪು, ಶಿಕ್ಷೆಯನ್ನು ಮರುಪರಿಶೀಲಿಸಿ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2019ರ ಜುಲೈನಲ್ಲಿ ಹೇಳಿತು. ಜಾಧವ್‌ಗಾಗಿ ನಾವು ಕೇಳುವ ನ್ಯಾಯ, ನಮಗೆ ಇಷ್ಟವಿಲ್ಲದವರಿಗೂ ಸಲ್ಲಬೇಕಾದದ್ದೇ.

ಒಬಾಮ ಮುಚ್ಚುತ್ತೇನೆ ಎಂದಿದ್ದರಲ್ಲ?

2009ರ ಜನವರಿ 22ರಂದು, ಒಂದು ವರ್ಷದೊಳಗೆ ಎಂದು ಆದೇಶಕ್ಕೆ ಸಹಿಯನ್ನೂ ಹಾಕಿದರು. ಆ ನವೆಂಬರ್‌ನಲ್ಲಿ ಖಾಲಿದ್ ಶೇಖ್ ಮತ್ತಿತರರನ್ನು ನ್ಯೂಯಾರ್ಕ್‌ನ ಕೋರ್ಟಿನಲ್ಲಿ ವಿಚಾರಿಸುತ್ತೇವೆ ಎಂದು ಅಟಾರ್ನಿ ಜನರಲ್ ಎರಿಕ್ ಹೋಲ್ಡರ್ ಪ್ರಕಟಿಸಿದರು. ವಿರೋಧ ಎದ್ದಿತು, ಗ್ವಾಂಟನಾಮೊ ಕೈದಿಗಳನ್ನು ಅಮೆರಿಕಕ್ಕೆ ತರಲು ಹಣ ಖರ್ಚು ಮಾಡದಂತೆ ಕಾಂಗ್ರೆಸ್ ಕಾನೂನು ಮಾಡಿತು, 2011ರ ಏಪ್ರಿಲ್‌ನಲ್ಲಿ ಹೋಲ್ಡರ್ ಹಿಂದೆ ಸರಿದರು. ಅಂದು ಆ ವಿಚಾರಣೆ ನ್ಯೂಯಾರ್ಕ್‌ನಲ್ಲಿ ನಡೆದಿದ್ದರೆ ತೀರ್ಪು ಯಾವತ್ತೋ ಬಂದಿರುತ್ತಿತ್ತು ಎಂದು ನಾನು ನಂಬುತ್ತೇನೆ.

ಈಗ ಎಲ್ಲಿಗೆ ಬಂದು ನಿಂತಿದೆ?

2025ರ ಜನವರಿಯಲ್ಲಿ 11 ಮಂದಿ ಯೆಮನಿಗಳನ್ನು ಒಮಾನ್‌ಗೆ ಕಳಿಸಿದ ಮೇಲೆ ಅಲ್ಲಿ ಉಳಿದ ಕೈದಿಗಳು 15. ಅವರಲ್ಲಿ ಏಳು ಜನ ಕಮಿಷನ್ ವಿಚಾರಣೆಯ ಹಂತದಲ್ಲಿದ್ದರು, ಇಬ್ಬರಿಗೆ ಶಿಕ್ಷೆಯಾಗಿತ್ತು, ಉಳಿದ ಆರು ಜನರ ಮೇಲೆ ಆರೋಪವೇ ಇರಲಿಲ್ಲ.

9/11 ಪ್ರಕರಣದಲ್ಲಿ 2024ರ ಜುಲೈ 31ರಂದು ಒಂದು ದಾರಿ ಕಂಡಿತ್ತು. ಖಾಲಿದ್ ಶೇಖ್ ಸೇರಿ ಮೂವರು ತಪ್ಪೊಪ್ಪಿಕೊಳ್ಳುವುದು, ಮರಣದಂಡನೆಯ ಬದಲು ಆಜೀವ ಸೆರೆವಾಸ ಅನುಭವಿಸುವುದು ಎಂದು ಒಪ್ಪಂದವಾಯಿತು. ಎರಡೇ ದಿನಕ್ಕೆ ರಕ್ಷಣಾ ಸಚಿವ ಲಾಯ್ಡ್ ಆಸ್ಟಿನ್ ಅದನ್ನು ಹಿಂತೆಗೆದುಕೊಂಡರು. ಹಿಂತೆಗೆಯಲು ಬರುವುದಿಲ್ಲ ಎಂದು ಸೇನಾ ನ್ಯಾಯಾಧೀಶರೂ ಸೇನಾ ಮೇಲ್ಮನವಿ ಕೋರ್ಟೂ ಹೇಳಿದವು. 2025ರ ಜುಲೈನಲ್ಲಿ ವಾಷಿಂಗ್ಟನ್‌ನ ಫೆಡರಲ್ ಮೇಲ್ಮನವಿ ಕೋರ್ಟ್ 2-1ರಿಂದ ಸಚಿವರಿಗೆ ಆ ಅಧಿಕಾರ ಇತ್ತು ಎಂದಿತು. ಒಪ್ಪಂದ ಬಿತ್ತು.

ಸತ್ತವರ ಮನೆಯವರು ಏನನ್ನುತ್ತಾರೆ?

ಎಲ್ಲರೂ ಒಂದೇ ಮಾತನ್ನಾಡುವುದಿಲ್ಲ. ಗಲ್ಲೇ ಆಗಬೇಕು, ಒಪ್ಪಂದ ಮಾಡಿಕೊಂಡದ್ದು ದ್ರೋಹ ಎಂದವರಿದ್ದಾರೆ. ತಪ್ಪೊಪ್ಪಿಗೆಯನ್ನು ತೆರೆದ ಕೋರ್ಟಿನಲ್ಲಿ ಕಿವಿಯಾರೆ ಕೇಳಿ, ತಮ್ಮ ಪ್ರಶ್ನೆಗಳಿಗೆ ಉತ್ತರ ಪಡೆದು ಮುಗಿಸಿದರೆ ಸಾಕು ಎಂದವರೂ ಇದ್ದಾರೆ. ತೀರ್ಪು ಕಾಣದೆಯೇ ತೀರಿಕೊಂಡ ತಂದೆ ತಾಯಂದಿರೂ ಇದ್ದಾರೆ.

ಪ್ರತಿ ಕಲಾಪಕ್ಕೂ ಕೆಲವು ಕುಟುಂಬಗಳನ್ನು ಚೀಟಿ ಎತ್ತಿ ಆರಿಸಿ ವಿಮಾನದಲ್ಲಿ ಗ್ವಾಂಟನಾಮೊಗೆ ಕರೆದೊಯ್ಯುತ್ತಾರೆ. ಅವರು ಕೂರುವುದು ಕೋರ್ಟಿನ ಹಿಂದೆ, ದಪ್ಪ ಗಾಜಿನ ಆಚೆ. ರಹಸ್ಯವೇನಾದರೂ ಬಾಯಿಬಿಟ್ಟರೆ ತಡೆಯಲೆಂದು ಒಳಗಿನ ಮಾತು ಅವರಿಗೆ 40 ಸೆಕೆಂಡು ತಡವಾಗಿ ಕೇಳಿಸುತ್ತದೆ. ನ್ಯಾಯಾಧೀಶರು ಒಳಬಂದಾಗ ಒಳಗಿನವರು ಎದ್ದು ನಿಲ್ಲುವುದು ಗಾಜಿನಲ್ಲಿ ಕಾಣುತ್ತದೆ. ಎದ್ದು ನಿಲ್ಲಿ ಎಂಬ ಕೂಗು ಕಿವಿಗೆ ಬೀಳುವುದು ಎಲ್ಲರೂ ಕೂತಾದ ಮೇಲೆ.